ಕೊಳಕಾದ ಫಿಲ್ಟರ್ ಉಳಿಯಿತು, ಚೊಕ್ಕವಾಗಿದ್ದದ್ದು ಕಸಕ್ಕೆ ಹೋಯಿತು: ಒಂದು ಡರ್ಟ್ ಬೈಕ್ ಪ್ರಕರಣ

ನನ್ನ ಅಕ್ಕನ ಇಬ್ಬರು ಮಕ್ಕಳಿಗೂ ಡರ್ಟ್ ಬೈಕಿನ ಹುಚ್ಚು. ದೊಡ್ಡವನ ಹತ್ತಿರ ಕಾರ್ಬ್ಯುರೇಟರ್ ಇರುವ ಹಳೇ 250 ಸಿಸಿ ಟೂ-ಸ್ಟ್ರೋಕ್, ಚಿಕ್ಕವನ ಹತ್ತಿರ ಫ್ಯುಯೆಲ್ ಇಂಜೆಕ್ಷನ್ ಇರುವ 250 ಸಿಸಿ ಫೋರ್-ಸ್ಟ್ರೋಕ್. ಒಂದು ಭಾನುವಾರ ಇಬ್ಬರೂ ಒಂದೇ ಟ್ರ್ಯಾಕಿನಲ್ಲಿ, ಹೆಚ್ಚುಕಮ್ಮಿ ಒಂದೇ ಹೊತ್ತು ಓಡಿಸಿ ಬಂದಿದ್ದರು. ಮಳೆ ಬಿದ್ದು ಬಹಳ ದಿನವಾಗಿದ್ದ ಒಣ ನೆಲ, ಟಾಲ್ಕಂ ಪೌಡರ್ ಥರ ನುಣ್ಣಗಿನ ಧೂಳು. ನಾನು ಹೋಗುವಷ್ಟರಲ್ಲಿ ಚಿಕ್ಕವನು ತನ್ನ ಏರ್ ಫಿಲ್ಟರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ದೊಡ್ಡವನು ಸೀಟು ತೆಗೆದಿದ್ದ, ಆದರೆ ಫಿಲ್ಟರ್ ಇನ್ನೂ ಅದರ ಜಾಗದಲ್ಲೇ ಇತ್ತು.

"ಮಾಮ, ನಂದು ನೋಡಿ, ಮೊನ್ನೆ ತಂದಂಗಿದೆ. ಹಂಗೇ ವಾಪಸ್ ಹಾಕಿಬಿಡ್ತೀನಿ. ಅಣ್ಣಂದು ಮಾತ್ರ ಗೋವಿಂದ," ಅಂದ ಚಿಕ್ಕವನು.

ಕಣ್ಣಿಗೆ ಕಂಡಷ್ಟನ್ನೇ ನಂಬಿದರೆ ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡವನ ಫಿಲ್ಟರಿನ ಮೂಲ ಬಣ್ಣ ಹಸಿರು ಅಂತ ಹೇಳಿದರೂ ಯಾರೂ ನಂಬುತ್ತಿರಲಿಲ್ಲ, ಮೇಲೆ ಪೂರ್ತಿ ಕಂದು ಧೂಳು ಮೆತ್ತಿಕೊಂಡು ಕೆಲವು ಕಡೆ ಹಕ್ಕಳೆ ಕಟ್ಟಿತ್ತು. ಚಿಕ್ಕವನದ್ದು ಅಲ್ಲಲ್ಲಿ ಮಾಸಿದ ಕೆಂಪು, ಅಷ್ಟೇ. ಆದರೆ ಆ ಸಂಜೆ ಮುಗಿಯುವಾಗ ಕೊಳಕಾಗಿದ್ದದ್ದು ಒಗೆದು ಒಣಗಲು ನೇತಾಡುತ್ತಿತ್ತು, ಚೊಕ್ಕವಾಗಿ ಕಾಣುತ್ತಿದ್ದದ್ದು ಕಸಕ್ಕೆ ಹೋಗಿತ್ತು. ಯಾಕೆ ಅಂತ ಒಂದೊಂದಾಗಿ ಬರೆಯುತ್ತೇನೆ. ಈ ಎರಡು ಫಿಲ್ಟರನ್ನು ಪಕ್ಕಪಕ್ಕ ಇಟ್ಟು ನೋಡಿದರೆ "ಯಾವಾಗ ಒಗೆಯೋದು, ಯಾವಾಗ ಬದಲಿಸೋದು" ಅನ್ನೋ ಪ್ರಶ್ನೆಗೆ ಬೇಕಾದ್ದೆಲ್ಲ ಅದರಲ್ಲೇ ಇದೆ.

ಮೊದಲು ಫೋಮ್ ಹೇಗೆ ಕೆಲಸ ಮಾಡುತ್ತದೆ ಅನ್ನೋದು ತಲೆಯಲ್ಲಿರಬೇಕು. ಡರ್ಟ್ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಯುರೆಥೇನ್ ಫೋಮ್. ಬಹುತೇಕ ಎರಡು ಪದರ: ಹೊರಗೆ ದೊಡ್ಡ ರಂಧ್ರದ್ದು, ಒಳಗೆ ಸಣ್ಣ ರಂಧ್ರದ್ದು. ಎಷ್ಟೇ ಸಣ್ಣ ಅಂದರೂ ಆ ರಂಧ್ರಗಳು ನುಣ್ಣಗಿನ ಧೂಳಿನ ಕಣಕ್ಕಿಂತ ಬಹಳ ದೊಡ್ಡವು. ಹಾಗಾಗಿ ಧೂಳನ್ನು ಹಿಡಿಯೋದು ಫೋಮ್ ಅಲ್ಲ, ಅದಕ್ಕೆ ಹಚ್ಚಿದ ಜಿಗುಟು ಎಣ್ಣೆ. ಫೋಮಿನ ಕೆಲಸ ಗಾಳಿಯನ್ನು ಅಡ್ಡಾದಿಡ್ಡಿ ತಿರುಗಿಸಿ ತಿರುಗಿಸಿ ಆ ಎಣ್ಣೆಗೆ ತಾಗುವಂತೆ ಮಾಡೋದು. ಎಣ್ಣೆ ಇಲ್ಲದ ಫೋಮ್ ಎಷ್ಟೇ ಶುಭ್ರವಾಗಿದ್ದರೂ ಕಲ್ಲು, ಎಲೆ, ಹುಳ ತಡೆಯಬಹುದೇ ಹೊರತು ಇಂಜಿನ್ ತಿನ್ನುವ ಧೂಳನ್ನು ತಡೆಯೋದಿಲ್ಲ. ಪೇಪರ್ ಫಿಲ್ಟರ್ ಕಥೆ ಬೇರೆ. ಅದು ಧೂಳನ್ನು ಮೇಲ್ಮೈಯಲ್ಲೇ ನಿಲ್ಲಿಸುತ್ತದೆ, ಅದಕ್ಕೆ ಎಣ್ಣೆ ಹಚ್ಚಬಾರದು, ಒಗೆಯಲೂಬಾರದು, ತುಂಬಿದಾಗ ಬದಲಿಸಬೇಕು. ಇಲ್ಲಿ ಪೇಪರ್ ವಿಷಯ ಇಷ್ಟೇ ಸಾಕು.

ಇನ್ನು ಗಾಳಿಯ ಲೆಕ್ಕ. 250 ಸಿಸಿ ಫೋರ್-ಸ್ಟ್ರೋಕ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. 8,000 ಆರ್‌ಪಿಎಂನಲ್ಲಿ ಅಂದರೆ ನಿಮಿಷಕ್ಕೆ 4,000 ಸಲ, ಒಂದು ಸಲಕ್ಕೆ ಕಾಲು ಲೀಟರ್ ಹಿಡಿದರೆ ಸುಮಾರು 1,000 ಲೀಟರ್ ಗಾಳಿ. ಒಂದೇ ನಿಮಿಷಕ್ಕೆ. ಮುಂದಿನವನ ಚಕ್ರ ಎಬ್ಬಿಸಿದ ಧೂಳಿನಿಂದ ತುಂಬಿದ ಗಾಳಿ ಅದು. ಮಣ್ಣಿನ ಧೂಳಿನಲ್ಲಿ ಸಿಲಿಕಾ ಜಾಸ್ತಿ. ಮೋಸ್ ಅಳತೆಯಲ್ಲಿ ಅದರ ಗಡಸುತನ 7, ಪಿಸ್ಟನ್ನಿನ ಅಲ್ಯೂಮಿನಿಯಂ ಅದರ ಮುಂದೆ ಏನೂ ಅಲ್ಲ. ಅತಿ ಹೆಚ್ಚು ಹಾನಿ ಮಾಡೋದು ಕಣ್ಣಿಗೆ ಕಾಣುವ ಮರಳಲ್ಲ, 5ರಿಂದ 20 ಮೈಕ್ರಾನ್ ಆಸುಪಾಸಿನ ಕಣಗಳು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಅಂದಾಜು ಸಿಗುತ್ತೆ ಅಲ್ವಾ? ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಎಣ್ಣೆಯ ಸಂದಿಯಲ್ಲಿ ಕೂರಲು ಸರಿಯಾದ ಗಾತ್ರ ಅದು.

ದೊಡ್ಡವನ ಫಿಲ್ಟರ್

ಬಿಚ್ಚದೇ ಇದ್ದದ್ದು ಒಳ್ಳೆಯದಾಯಿತು, ಅದರಿಂದಲೇ ಶುರು ಮಾಡಿದೆವು. ಮೊದಲು ಫಿಲ್ಟರ್ ಜಾಗದಲ್ಲಿದ್ದಾಗಲೇ ಅದನ್ನು ಬೆರಳಿನಿಂದ ಒತ್ತಿ ನೋಡು ಅಂದೆ. ಒತ್ತಿದ. ಬೆರಳು ಅಂಟಿಕೊಂಡಿತು, ಎತ್ತಿದಾಗ ಕಂದು ಬಣ್ಣದ ಜಿಗುಟು ಎಣ್ಣೆ ತುದಿಗೆ ಬಂತು. ಮೇಲ್ಭಾಗ, ಪಕ್ಕ, ಕೆಳಭಾಗ ಎಲ್ಲ ಕಡೆ ಹಾಗೇ. ಇದು ಒಳ್ಳೇ ಗುರುತು. ಎಣ್ಣೆ ಇನ್ನೂ ಇದೆ, ಸಮವಾಗಿ ಇದೆ, ಧೂಳನ್ನು ಹಿಡಿದುಕೊಂಡಿದೆ.

ಬಿಚ್ಚುವ ಮೊದಲು ಏರ್‌ಬಾಕ್ಸಿನ (ಫಿಲ್ಟರ್ ಕೂರುವ ಡಬ್ಬಿಯ) ಗೋಡೆ, ಫಿಲ್ಟರಿನ ಸುತ್ತ ಇರುವ ಅಂಚು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆವು. ಇದನ್ನು ಯಾರೂ ಮಾಡೋದಿಲ್ಲ. ಫಿಲ್ಟರ್ ಎತ್ತುವ ಆ ಒಂದು ಕ್ಷಣದಲ್ಲಿ ಅಂಚಿನಲ್ಲಿ ಕೂತಿದ್ದ ಮರಳು ನೇರವಾಗಿ ಇಂಜಿನ್ ಕಡೆಗೆ ಗಾಳಿ ಒಯ್ಯುವ ರಬ್ಬರ್ ಕೊಳವೆಗೆ, ಅಂದರೆ ಬೂಟಿಗೆ, ಉದುರುತ್ತದೆ, ಇಡೀ ದಿನ ಫಿಲ್ಟರ್ ತಡೆದದ್ದನ್ನು ನಾವೇ ಕೈಯಾರೆ ಒಳಗೆ ಹಾಕಿದ ಹಾಗಾಗುತ್ತದೆ. ಆಮೇಲೆ ಬೋಲ್ಟ್ ಸಡಿಲಿಸಿ, ಎಲ್ಲೂ ತಾಗಿಸದೆ ಮೆಲ್ಲಗೆ ಹೊರಗೆ ತೆಗೆದ.

ಈಗ ಮುಖ್ಯವಾದ ಪರೀಕ್ಷೆ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಬೂಟಿನ ಒಳಗೋಡೆಯನ್ನು ಒರೆಸು ಅಂದೆ. ಬಟ್ಟೆ ಬಿಳಿಯಾಗೇ ಬಂತು, ಸ್ವಲ್ಪ ಎಣ್ಣೆ ಕಲೆ ಬಿಟ್ಟರೆ ಬೇರೇನಿಲ್ಲ. ಫಿಲ್ಟರನ್ನು ಕೇಜಿನಿಂದ (ಫೋಮನ್ನು ಒಳಗಿನಿಂದ ಹಿಡಿಯುವ ಚೌಕಟ್ಟು) ಬಿಡಿಸಿ ಒಳಮಗ್ಗುಲು ತಿರುಗಿಸಿ ನೋಡಿದರೆ ಒಳಪದರ ಇನ್ನೂ ಹಸಿರಾಗೇ ಇತ್ತು, ಕೊಳೆ ಎಲ್ಲ ಹೊರಪದರದಲ್ಲೇ ನಿಂತಿತ್ತು. ಅಂಟಿಸಿದ ಜಾಯಿಂಟುಗಳನ್ನು ಮೆಲ್ಲಗೆ ಎಳೆದು ನೋಡಿದೆವು, ಗಟ್ಟಿ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಥಟ್ಟನೆ ಮೊದಲಿನ ಆಕಾರಕ್ಕೆ ಬಂತು. ಈ ಫಿಲ್ಟರಿಗೆ ಏನೂ ಆಗಿಲ್ಲ. ಅದು ತನ್ನ ಕೆಲಸ ಮಾಡಿದೆ, ಈಗ ಹೊಟ್ಟೆ ತುಂಬಿದೆ, ಒಗೆದರೆ ಆಯಿತು.

ಆದರೆ ಇನ್ನೊಂದು ರೈಡಿಗೆ ಹಾಗೇ ಬಿಡಬಹುದಿತ್ತಾ? ಇಲ್ಲ. ಅದಕ್ಕೆ ಸಾಕ್ಷಿ ದೊಡ್ಡವನ ಬಾಯಿಂದಲೇ ಬಂತು. ಮಧ್ಯಾಹ್ನದ ಮೇಲೆ ಬೈಕು ಮೇಲಿನ ಆರ್‌ಪಿಎಂನಲ್ಲಿ ಮಂಕಾಗಿತ್ತು, ಪಿಕಪ್ ಇರಲಿಲ್ಲ, ಪ್ಲಗ್ ತೆಗೆದರೆ ಕಪ್ಪಗೆ ಒದ್ದೆಯಾಗಿತ್ತು ಅಂದ. "ಮೇನ್ ಜೆಟ್ ಒಂದು ಸೈಜ್ ಕಡಿಮೆ ಮಾಡೋಣ ಅಂತಿದ್ದೆ ಮಾಮ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಜೆಟ್ ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾದುಬರುವ ಸಣ್ಣ ತೂತಿನ ಭಾಗ, ತೂತು ಸಣ್ಣದಾದಷ್ಟೂ ಪೆಟ್ರೋಲ್ ಕಡಿಮೆ. ಫಿಲ್ಟರ್ ಕಟ್ಟಿಕೊಂಡಾಗ ಗಾಳಿ ಕಡಿಮೆಯಾಗುತ್ತದೆ, ಕಾರ್ಬ್ಯುರೇಟರ್ ಬೈಕಿನಲ್ಲಿ ಪೆಟ್ರೋಲಿನ ಪಾಲು ಜಾಸ್ತಿಯಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ. ಅದನ್ನು ಜೆಟ್ಟಿನ ತಪ್ಪು ಅಂದುಕೊಂಡು ಸಣ್ಣ ಜೆಟ್ ಹಾಕಿದರೆ ಆ ಹೊತ್ತಿಗೆ ಬೈಕು ಚೆನ್ನಾಗೇ ಓಡುತ್ತದೆ. ಮುಂದಿನ ವಾರ ಫಿಲ್ಟರ್ ಒಗೆದು ಹಾಕಿದ ಕೂಡಲೇ ಗಾಳಿ ಪೂರ್ತಿ ಬರುತ್ತದೆ, ಪೆಟ್ರೋಲ್ ಮಾತ್ರ ಕಡಿಮೆಯೇ ಇರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲಿನ ಜತೆಗೇ ಆಯಿಲ್ ಬರೋದು, ಪೆಟ್ರೋಲ್ ಕಡಿಮೆ ಅಂದರೆ ಆಯಿಲ್ಲೂ ಕಡಿಮೆ, ಬಿಸಿ ಜಾಸ್ತಿ. ಪೂರ್ತಿ ಥ್ರಾಟಲ್‌ನಲ್ಲಿ ಪಿಸ್ಟನ್ ಕಚ್ಚಿ ಸೀಜ್ ಆಗೋದು ಹೀಗೇ. ಹಾಗಾಗಿ ಫಿಲ್ಟರ್ ಶುಚಿ ಇದೆ ಅಂತ ಖಾತ್ರಿಯಾಗುವವರೆಗೆ ಜೆಟ್ ಮುಟ್ಟಬಾರದು. ಇಂಜೆಕ್ಷನ್ ಬೈಕುಗಳಲ್ಲಿ ಈ ಗುರುತು ಅಷ್ಟು ಸ್ಪಷ್ಟವಾಗಿ ಸಿಗೋದಿಲ್ಲ. ಥ್ರಾಟಲ್ ದಾಟಿದ ಮೇಲಿನ ಒತ್ತಡವನ್ನು ಸೆನ್ಸರ್ ಓದಿ ಪೆಟ್ರೋಲನ್ನು ಒಂದಷ್ಟು ಹೊಂದಿಸಿಕೊಳ್ಳುವುದರಿಂದ ಪ್ಲಗ್ ಕಪ್ಪಾಗದೆಯೇ ಶಕ್ತಿ ಕುಗ್ಗಬಹುದು.

ಚಿಕ್ಕವನ ಫಿಲ್ಟರ್

"ನೀನು ಮುಟ್ಟಿ ನೋಡೋ ಈಗ," ಅಂದೆ. ಮುಟ್ಟಿದ. ಮೇಲಿನ ಅರ್ಧಭಾಗ ಬೆರಳಿಗೆ ಅಂಟಲೇ ಇಲ್ಲ, ಒಣ ಸ್ಪಾಂಜ್. ಕೆಳಗಿನ ಅರ್ಧದಲ್ಲಿ ಎಣ್ಣೆ ಇತ್ತು, ಅತಿಯಾಗೇ ಇತ್ತು, ಆದರೆ ಜಿಗುಟಿರಲಿಲ್ಲ. ಏರ್‌ಬಾಕ್ಸಿನ ತಳದಲ್ಲಿ ಒಂದಿಷ್ಟು ಎಣ್ಣೆ ಮಡುಗಟ್ಟಿತ್ತು. ಯಾವ ಎಣ್ಣೆ ಹಾಕ್ತೀಯ ಅಂತ ಕೇಳಿದೆ. ಇಂಜಿನ್ ಆಯಿಲ್ ಅಂದ. ಹಳೇ ಮ್ಯಾನುಯಲ್‌ಗಳಲ್ಲಿ ಅದನ್ನೂ ಹೇಳಿರುತ್ತಾರೆ, ಆದರೆ ಇಂಜಿನ್ ಆಯಿಲ್ ಇದ್ದಲ್ಲೇ ನಿಲ್ಲೋದಿಲ್ಲ, ನಿಂತ ಬೈಕಿನಲ್ಲಿ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಫೋಮ್ ಫಿಲ್ಟರಿಗೆಂದೇ ಬರುವ ಎಣ್ಣೆ ಹಚ್ಚಿದ ಮೇಲೆ ಗಟ್ಟಿಯಾಗಿ ಅಂಟಾಗಿ ಕೂರುತ್ತದೆ. ಅದಕ್ಕೆ ಬಣ್ಣ ಸೇರಿಸಿರುವುದೂ ಸುಮ್ನೆ ಅಲ್ಲ, ಎಲ್ಲಿ ತಾಗಿದೆ ಎಲ್ಲಿ ತಾಗಿಲ್ಲ ಅಂತ ಕಣ್ಣಿಗೆ ಕಾಣಲಿ ಅಂತ.

ಚಿಕ್ಕವನ ಹತ್ತಿರ ಒಂದು ವಾದ ಇತ್ತು, ಅದನ್ನು ತಳ್ಳಿಹಾಕುವ ಹಾಗಿರಲಿಲ್ಲ. "ಮಾಮ, ನಾನು ಇಡೀ ದಿನ ಮುಂದೆ ಇದ್ದೆ. ಧೂಳು ತಿಂದಿದ್ದು ಅಣ್ಣ. ಅದಕ್ಕೇ ನಂದು ಕ್ಲೀನ್ ಇರೋದು." ನಿಜವೇ. ಹಿಂದೆ ಓಡಿಸುವವನ ಫಿಲ್ಟರ್ ಮುಂದಿನವನದ್ದಕ್ಕಿಂತ ಎಷ್ಟೋ ಬೇಗ ತುಂಬುತ್ತದೆ. ಹಾಗಾಗಿ ಈ ಫಿಲ್ಟರ್ ಚೊಕ್ಕವಾಗಿ ಕಾಣಲು ಎರಡು ಕಾರಣ ಇರಬಹುದು: ಧೂಳು ಬಂದೇ ಇಲ್ಲ, ಅಥವಾ ಬಂದ ಧೂಳು ನಿಂತಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗೋದು ಬೂಟಿನ ಒಳಗೆ ಮಾತ್ರ.

ಟಾರ್ಚ್ ಹಿಡಿದು ನೋಡಿದೆವು. ತಳದಲ್ಲಿ ಒಂದಷ್ಟು ದಪ್ಪ ಮರಳು ಕಾಳುಗಳು ಬಿದ್ದಿದ್ದವು. "ನೋಡಿ, ಧೂಳು ಹೋಗಿದೆ!" ಅಂದ ದೊಡ್ಡವನು ಖುಷಿಯಾಗಿ, ತಮ್ಮನ ಮೇಲೆ ಗೆದ್ದ ಸಂತೋಷ. ಆದರೆ ಆ ಕಾಳುಗಳು ಸಾಕ್ಷಿ ಅಲ್ಲ. ಒಣಗಿದ್ದವು, ದಪ್ಪಗಿದ್ದವು, ಊದಿದರೆ ಹಾರುವಂತೆ ಮೇಲೆ ಮೇಲೆ ಕೂತಿದ್ದವು. ಫಿಲ್ಟರ್ ಎತ್ತುವಾಗ ಅಂಚಿನಿಂದ ಉದುರಿದ್ದು ಅವು. ಇಂಜಿನ್ ಓಡುವಾಗ ಬಂದಿದ್ದರೆ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ, ಗಾಳಿಯ ಜತೆ ಒಳಗೆ ಹೋಗಿಬಿಡುತ್ತಿದ್ದವು. ಒದ್ದೆ ಬಟ್ಟೆಯ ತುದಿಯಿಂದ ಅವನ್ನು ಮೆಲ್ಲಗೆ ಎತ್ತಿ ಹೊರಗೆ ಹಾಕಿದೆವು.

ಆಮೇಲೆ ಕಂಡದ್ದೇ ನಿಜವಾದ ಸಾಕ್ಷಿ. ಬೂಟಿನ ಎಡ ಕೆಳಭಾಗದಲ್ಲಿ, ಫಿಲ್ಟರ್ ಕೂರುವ ಅಂಚಿನ ಒಂದು ಬಿಂದುವಿನಿಂದ ಶುರುವಾಗಿ, ಒಳಗೆ ಹೋಗುತ್ತ ಹೋಗುತ್ತ ಅಗಲವಾಗುವ ಒಂದು ತೆಳು ಕಂದು ಪಟ್ಟೆ. ಊದಿದರೆ ಹೋಗಲಿಲ್ಲ, ಆಯಿಲ್ ಆವಿಯ ಪಸೆಗೆ ಅಂಟಿಕೊಂಡಿತ್ತು. ಬಿಳಿ ಬಟ್ಟೆಯಲ್ಲಿ ಒರೆಸಿ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದಾಗ ನುಣ್ಣಗೆ ಕಂಡದ್ದು ಚರಚರ ಅಂದಿತು. ಬೂಟಿನ ಉಳಿದ ಗೋಡೆಯ ಮೇಲೂ ಒಂದು ಮಬ್ಬು ಪೊರೆ ಇತ್ತು, ಆದರೆ ಪಟ್ಟೆಯಷ್ಟು ದಪ್ಪ ಇರಲಿಲ್ಲ.

ಈ ಎರಡು ಗುರುತು ಎರಡು ಬೇರೆ ಬೇರೆ ಕಾಯಿಲೆ ಹೇಳುತ್ತವೆ. ಸುತ್ತಲೂ ಸಮನಾಗಿ ಹರಡಿದ ಮಬ್ಬು ಅಂದರೆ ಧೂಳು ಫೋಮಿನ ಮೂಲಕವೇ ಹಾದುಬಂದಿದೆ, ಅಂದರೆ ಎಣ್ಣೆ ಸಾಲದು. ಒಂದು ಬಿಂದುವಿನಿಂದ ಹೊರಟ ಪಟ್ಟೆ ಅಂದರೆ ಅಲ್ಲೊಂದು ಸಂದಿ ಇದೆ: ಅಂಚು ಸರಿಯಾಗಿ ಕೂತಿಲ್ಲ, ಅಥವಾ ಫೋಮ್ ಅಲ್ಲಿ ಬಿಟ್ಟುಕೊಂಡಿದೆ. ಚಿಕ್ಕವನ ಬೈಕಿಗೆ ಎರಡೂ ಇತ್ತು.

ಫೋಮನ್ನು ತಿರುಗಿಸಿ ಅದೇ ಜಾಗದಲ್ಲಿ ನೋಡಿದರೆ ಅಂಚಿನ ಪಟ್ಟಿಯನ್ನು ಫೋಮಿಗೆ ಅಂಟಿಸಿದ್ದ ಜಾಯಿಂಟ್ ಉಗುರಿನಷ್ಟು ಉದ್ದ ಬಾಯಿ ಬಿಟ್ಟಿತ್ತು. ಸುಮ್ನೆ ಹಿಡಿದು ನೋಡಿದರೆ ಕಾಣೋದಿಲ್ಲ, ಸ್ವಲ್ಪ ಎಳೆದು ಹಿಂದೆ ಟಾರ್ಚ್ ಇಟ್ಟಾಗ ಬೆಳಕು ಬಂತು. ಬಿಟ್ಟ ಬಾಯಿಯ ಎರಡೂ ತುಟಿ ಕಂದಾಗಿದ್ದವು, ಅಂದರೆ ಇವತ್ತು ನಿನ್ನೆಯದಲ್ಲ.

"ಯಾವುದರಲ್ಲಿ ಒಗೀತೀಯ?"

"ಪೆಟ್ರೋಲ್‌ನಲ್ಲೇ ಮಾಮ. ಬೇಗ ಬಿಡುತ್ತೆ."

ಬೇಗ ಬಿಡುತ್ತೆ, ಹೌದು, ಅಂಟೂ ಬಿಡುತ್ತೆ. ಪೆಟ್ರೋಲ್ ಜಾಯಿಂಟಿನ ಅಂಟನ್ನು ಮೆತ್ತಗೆ ಮಾಡುತ್ತದೆ, ಫೋಮನ್ನು ಉಬ್ಬಿಸುತ್ತದೆ. ಅದರ ಆವಿಗೆ ಸಣ್ಣ ಕಿಡಿ ಸಾಕು, ಅದು ಬೇರೆ. ಇವನ ಫೋಮ್ ಉಬ್ಬಿ ಉಬ್ಬಿ ಕೇಜಿನ ಮೇಲೆ ಸಡಿಲವಾಗಿತ್ತು. ಹಿಂಡಿ ಬಿಟ್ಟರೆ ನಿಧಾನಕ್ಕೆ, ಬೇಸರದಿಂದ ಎದ್ದ ಹಾಗೆ ಮೇಲೆ ಬಂತು. ಒಳಪದರದ ಒಳಮಗ್ಗುಲು ಕೂಡ ಕಂದಾಗಿತ್ತು. ನನ್ನ ಮಟ್ಟಿಗೆ ಇದೊಂದೇ ಸಾಕು: ಇಂಜಿನ್ ಕಡೆಯ ಮುಖದಲ್ಲಿ ಧೂಳು ಕಂಡರೆ ಆ ಫಿಲ್ಟರಿನ ಬಗ್ಗೆ "ಒಗೆಯಬೇಕಾ" ಅಂತ ಯೋಚಿಸೋದು ಆಮೇಲೆ, "ಯಾಕೆ ಬಂತು" ಅನ್ನೋದು ಮೊದಲು.

ಅಂಟು ಹಾಕಿ ಸರಿ ಮಾಡೋಣ್ವಾ ಅಂತ ಕೇಳಿದ. ಬೇಡ ಅಂದೆ. ಒಂದು ಕಡೆ ಬಿಟ್ಟ ಜಾಯಿಂಟ್ ಅಂದರೆ ಉಳಿದ ಸುತ್ತಳತೆಯೂ ಅದೇ ಪೆಟ್ರೋಲ್ ಕುಡಿದಿದೆ, ಇವತ್ತು ಇಲ್ಲಿ ಅಂಟಿಸಿದರೆ ನಾಳೆ ಅಲ್ಲಿ ಬಿಡುತ್ತದೆ. ಅಂಟು ಹಾಕಿದ ಜಾಗ ಗಟ್ಟಿಯಾಗಿ ಅಂಚು ಸಮನಾಗಿ ಕೂರೋದೂ ಇಲ್ಲ. ಒಂದು ಫೋಮ್ ಉಳಿಸಲು ಇಂಜಿನ್ನಿನ ಟಾಪ್ ಎಂಡನ್ನೇ, ಅಂದರೆ ಪಿಸ್ಟನ್, ಸಿಲಿಂಡರ್, ಹೆಡ್ ಎಲ್ಲವನ್ನೂ, ಪಣಕ್ಕಿಡೋದು ಯಾವ ಲೆಕ್ಕ? ಅದು ಕಸಕ್ಕೆ ಹೋಯಿತು.

ಒಗೆತದ ವಿಷಯ

ದೊಡ್ಡವನ ಫಿಲ್ಟರನ್ನು ಆ ಸಂಜೆಯೇ ಒಗೆದೆವು. ಚಿಕ್ಕವನಿಗೆ ಇದೆಲ್ಲ ಹೊಸದು, ಪಕ್ಕದಲ್ಲಿ ನಿಂತು ನೋಡಿದ. ಫಿಲ್ಟರ್ ಕ್ಲೀನರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೀಮೆಎಣ್ಣೆ ನಡೆಯುತ್ತದೆ. ಎರಡಕ್ಕೂ ಕೈಗೆ ಗ್ಲೌಸ್ ಬೇಕು, ಹತ್ತಿರ ಬೆಂಕಿ ಇರಬಾರದು. ಕೆಲವು ಎಣ್ಣೆಗಳಿಗೆ ಅದೇ ಕಂಪನಿಯ ಪುಡಿ ಹಾಕಿದ ಬಿಸಿನೀರೇ ಆಗಬೇಕು, ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ. ಅದ್ದಿ, ಅಂಗೈಗಳ ನಡುವೆ ಒತ್ತಿ ಒತ್ತಿ ಹಿಂಡಬೇಕು. ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಜಾಯಿಂಟ್ ಹರಿಯುತ್ತದೆ. ಎಣ್ಣೆ ಬಿಟ್ಟ ಮೇಲೆ ಬೆಚ್ಚಗಿನ ಸೋಪು ನೀರು. ನೀರನ್ನು ಒಳಗಿನಿಂದ ಹೊರಕ್ಕೆ ಬಿಡಬೇಕು, ಹೊರಗಿನಿಂದ ಬಿಟ್ಟರೆ ಹೊರಪದರದ ಕೊಳೆಯನ್ನು ನಾವೇ ಒಳಪದರಕ್ಕೆ ತಳ್ಳಿದ ಹಾಗೆ. ಕಂಪ್ರೆಸರ್ ಗಾಳಿ ಬೇಡವೇ ಬೇಡ, ಫೋಮಿನ ಗೋಡೆಗಳು ಹರಿದುಹೋಗುತ್ತವೆ.

ಒಗೆದ ನೀರನ್ನು ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತಳ ನೋಡಿದರೆ ಎಷ್ಟು ಮಣ್ಣು ಹಿಡಿದಿತ್ತು ಅಂತ ಗೊತ್ತಾಗುತ್ತದೆ. ದೊಡ್ಡವನ ಬಕೆಟ್ಟಿನಲ್ಲಿ ಕೂತದ್ದನ್ನು ನೋಡಿ ಚಿಕ್ಕವನು ಮೊದಲ ಸಲ ಸುಮ್ಮನಾದ. ತಾನು ಮುಂದೆ ಓಡಿಸಿದ್ದರೂ ಅದರಲ್ಲಿ ಒಂದು ಪಾಲು ತನ್ನ ಇಂಜಿನ್ನಿಗೂ ಬಂದಿರಬೇಕು, ಅದು ಫಿಲ್ಟರಿನಲ್ಲಿ ಇಲ್ಲ.

ಪೂರ್ತಿ ಒಣಗಬೇಕು, ನೆರಳಿನಲ್ಲಿ. ಒಳಗೆ ನೀರಿದ್ದರೆ ಎಣ್ಣೆ ಹಿಡಿಯೋದಿಲ್ಲ. ಮರುದಿನ ಎಣ್ಣೆ ಹಚ್ಚಿದೆವು: ಗ್ಲೌಸ್ ಹಾಕಿ, ಹೊರಗೂ ಒಳಗೂ ಹಾಕಿ, ಹಿಟ್ಟು ನಾದುವ ಹಾಗಲ್ಲ, ಒತ್ತಿ ಬಿಡುತ್ತ ಬಣ್ಣ ಎಲ್ಲ ಕಡೆ ಒಂದೇ ಥರ ಬರುವವರೆಗೆ. ಹೆಚ್ಚಾದದ್ದನ್ನು ಹಿಂಡಿ ತೆಗೆಯಬೇಕು. ತೊಟ್ಟಿಕ್ಕುವಷ್ಟು ಬಿಟ್ಟರೆ ಬೈಕು ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಎಣ್ಣೆ ಬೂಟಿಗೂ ಇಳಿಯುತ್ತದೆ. ಹಚ್ಚಿದ ಕೂಡಲೇ ಓಡಿಸಬಾರದು. ಎಷ್ಟೋ ಎಣ್ಣೆಗಳಲ್ಲಿ ಹರಡಲಿ ಅಂತ ಸಾಲ್ವೆಂಟ್ ಬೆರೆಸಿರುತ್ತಾರೆ, ಅದು ಆರಿಹೋದ ಮೇಲೆಯೇ ಜಿಗುಟು ಬರೋದು. ರಾತ್ರಿಯಿಡೀ ಬಿಟ್ಟರೆ ನಿಶ್ಚಿಂತೆ. ಆಮೇಲೆ ಕೂರುವ ಅಂಚಿಗೆ ನೀರಿಗೆ ಕರಗದ ಗ್ರೀಸ್ ತೆಳ್ಳಗೆ ಸವರಿ, ಕೇಜಿನ ಗುಬುಟು ಅದರ ಗುಂಡಿಯಲ್ಲೇ ಕೂತಿದೆಯಾ ಅಂತ ನೋಡಿ, ಬೋಲ್ಟ್ ಬಿಗಿಯುವ ಮೊದಲು ಅಂಚಿನ ಸುತ್ತ ಬೆರಳು ಆಡಿಸಿ. ಮಡಚಿಕೊಂಡ ಅಂಚು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ.

ಇಂಜಿನ್ ಕಡೆ

ಫಿಲ್ಟರ್ ಬದಲಿಸಿದರೆ ಚಿಕ್ಕವನ ಕಥೆ ಮುಗಿಯೋದಿಲ್ಲ. ಒಳಗೆ ಹೋದ ಧೂಳು ಏನು ಮಾಡಿದೆ ಅಂತ ನೋಡಬೇಕಲ್ಲ. ಟೂ-ಸ್ಟ್ರೋಕ್ ಆಗಿದ್ದರೆ ಗಾಳಿ ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗೋದು, ಹಾಗಾಗಿ ರಿಂಗ್ ಸಿಲಿಂಡರ್ ಜತೆಗೆ ಕ್ರ್ಯಾಂಕ್ ಬೇರಿಂಗುಗಳೂ ಧೂಳು ತಿನ್ನುತ್ತವೆ. ಫೋರ್-ಸ್ಟ್ರೋಕ್‌ನಲ್ಲಿ ಮೊದಲ ಪೆಟ್ಟು ಇನ್‌ಟೇಕ್ ವಾಲ್ವಿಗೆ. ಇವತ್ತಿನ ಮೋಟೋಕ್ರಾಸ್ ಇಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಸಾಮಾನ್ಯವಾಗಿ ಟೈಟಾನಿಯಂನದ್ದು, ಹಗುರ, ಮೇಲೊಂದು ತೆಳು ಗಟ್ಟಿ ಲೇಪ. ಧೂಳು ಆ ಲೇಪವನ್ನು ಸವೆಸಿದರೆ ಆಮೇಲೆ ಕೆಳಗಿನ ಲೋಹ ಬೇಗ ಬೇಗ ಸವೆಯುತ್ತದೆ. ವಾಲ್ವ್ ತಾನು ಕೂರುವ ಸೀಟಿನೊಳಗೆ ಇಳಿಯುತ್ತ ಹೋದ ಹಾಗೆ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದಿ, ಕಡಿಮೆಯಾಗುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಕಷ್ಟ ಕೊಡೋದು ಮೊದಲ ದೂರು.

"ಬೆಳಿಗ್ಗೆ ಹೊತ್ತು ಸ್ವಲ್ಪ ಸತಾಯಿಸುತ್ತೆ ಮಾಮ, ಬ್ಯಾಟರಿ ವೀಕ್ ಇರಬೇಕು ಅಂದ್ಕೊಂಡಿದ್ದೆ," ಅಂದ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು) ಹಿಡಿದೆವು. ಅವನ ಮ್ಯಾನುಯಲ್‌ನಲ್ಲಿ ಇನ್‌ಟೇಕ್‌ಗೆ 0.10ರಿಂದ 0.15 ಮಿ.ಮೀ. (ನಿಮ್ಮ ಬೈಕಿಗೆ ನಿಮ್ಮ ಮ್ಯಾನುಯಲ್ ಹೇಳಿದ್ದೇ ಕೊನೇ ಮಾತು.) ಒಂದು ವಾಲ್ವಿನಲ್ಲಿ 0.10 ಬಿಗಿಯಾಗಿ ಹೋಯಿತು. ಇನ್ನೊಂದರಲ್ಲಿ ಹೋಗಲೇ ಇಲ್ಲ, 0.08 ಮಾತ್ರ ಹೋಯಿತು. ಎಕ್ಸಾಸ್ಟ್ ಎರಡೂ ಸರಿಯಾಗೇ ಇದ್ದವು. ಇನ್‌ಟೇಕ್ ಮಾತ್ರ ಕುಗ್ಗಿದೆ, ಎಕ್ಸಾಸ್ಟ್ ಕುಗ್ಗಿಲ್ಲ ಅನ್ನೋದು ಧೂಳಿನ ಕಡೆಗೇ ಬೆರಳು ತೋರಿಸುತ್ತದೆ, ಬೂಟಿನಲ್ಲಿ ಪಟ್ಟೆ ಬೇರೆ ಕಂಡಿತ್ತಲ್ಲ.

ತೆಳು ಶಿಮ್ (ವಾಲ್ವಿನ ತುದಿಗೆ ಇಡುವ ಸಣ್ಣ ಬಿಲ್ಲೆ) ಹಾಕಿ ಕ್ಲಿಯರೆನ್ಸ್ ಸರಿ ಮಾಡಿದೆವು. ಆದರೆ ಶಿಮ್ ಔಷಧಿ ಅಲ್ಲ. ಲೇಪ ಉಳಿದಿದ್ದರೆ ಕ್ಲಿಯರೆನ್ಸ್ ಅಲ್ಲೇ ನಿಲ್ಲುತ್ತದೆ. ಲೇಪ ಹೋಗಿದ್ದರೆ ಕೆಲವೇ ಗಂಟೆಗಳ ಓಟದಲ್ಲಿ ಮತ್ತೆ ಕುಗ್ಗುತ್ತದೆ, ಆಗ ಹೆಡ್ ಬಿಚ್ಚಿ ವಾಲ್ವ್ ಬದಲಿಸದೆ ದಾರಿ ಇಲ್ಲ. ಕುಗ್ಗಿದಾಗಲೆಲ್ಲ ಇನ್ನೂ ತೆಳು ಶಿಮ್ ಹಾಕುತ್ತ ಹೋಗುವವರಿದ್ದಾರೆ. ವಾಲ್ವ್ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಹೆಡ್ಡೂ ಹೋಗುತ್ತೆ, ಪಿಸ್ಟನ್ನೂ ಹೋಗುತ್ತೆ.

ಹಾಗಾಗಿ ಇಲ್ಲಿ ಎರಡು ಪ್ರಶ್ನೆ ಉಳಿದವು: ಹೊಸ ಫಿಲ್ಟರ್ ಸರಿಯಾಗಿ ಮುಚ್ಚುತ್ತಿದೆಯಾ, ವಾಲ್ವ್ ನಿಂತಿದೆಯಾ.

ಮೊದಲನೆಯದಕ್ಕೆ ಒಂದು ಹಳೇ ಉಪಾಯ ಇದೆ. ಹೊಸ ಫೋಮ್ ಹಾಕುವ ಮೊದಲು ಬೂಟನ್ನು ಪೂರ್ತಿ ಒರೆಸಿ, ಅದರ ಒಳಗೋಡೆಗೆ ಬೆರಳಿನಿಂದ ಗ್ರೀಸಿನ ತೀರಾ ತೆಳು ಪೊರೆ ಸವರಬೇಕು. ಉಂಡೆ ಉಂಡೆ ಬಿಡಬಾರದು, ಹೊಳಪು ಕಂಡರೆ ಸಾಕು. ಮುಂದಿನ ರೈಡ್ ಆದ ಮೇಲೆ ಆ ಪೊರೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ಬೆರಳಲ್ಲಿ ತಿಕ್ಕಿ ನೋಡಿದರೆ, ಧೂಳು ದಾಟಿದ್ದರೆ ಸಿಕ್ಕಿಬೀಳುತ್ತದೆ. ಚಿಕ್ಕವನನ್ನು ಬೇಕಂತಲೇ ಅಣ್ಣನ ಹಿಂದೆ ಓಡಿಸಲು ಹೇಳಿದೆ. ಧೂಳು ಚೆನ್ನಾಗಿ ತಿಂದು ಬಂದ. ಫೋಮ್ ಹೊರಗೆ ಕಂದಾಗಿತ್ತು, ಬೂಟಿನ ಗ್ರೀಸ್ ನಯವಾಗೇ ಇತ್ತು, ಚರಚರ ಇಲ್ಲ. ಈ ಸಲ ತನ್ನ ಫಿಲ್ಟರ್ ಕೊಳಕಾಗಿದೆ ಅಂತ ಅವನಿಗೆ ಖುಷಿ.

ವಾಲ್ವನ್ನು ಕೆಲವು ರೈಡ್ ಆದ ಮೇಲೆ ಮತ್ತೆ ಅಳೆದೆವು. ನಿಂತಿತ್ತು. ಅದಾದ ಮೇಲೂ ಒಮ್ಮೆ ಅಳೆದ, ಅಲ್ಲೇ ಇತ್ತು. ಅಷ್ಟು ಹೊತ್ತಿಗೆ ಬೆಳಗಿನ ಸ್ಟಾರ್ಟಿಂಗ್ ತೊಂದರೆಯೂ ಹೋಗಿತ್ತು, ಬ್ಯಾಟರಿಯನ್ನು ಯಾರೂ ಮುಟ್ಟಿರಲಿಲ್ಲ.

ಎಷ್ಟು ದಿನಕ್ಕೊಮ್ಮೆ?

ಇದನ್ನೇ ಇಬ್ಬರೂ ಕೇಳಿದರು, ಎಲ್ಲರೂ ಕೇಳುತ್ತಾರೆ. ಗಂಟೆ ಲೆಕ್ಕ ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲ. ಒಣ ಧೂಳಿನಲ್ಲಿ ಗುಂಪಿನ ಹಿಂದೆ ಓಡಿಸಿದರೆ ಒಂದೇ ದಿನದಲ್ಲಿ ಫಿಲ್ಟರ್ ತುಂಬುತ್ತದೆ, ಅರ್ಧ ದಿನಕ್ಕೇ ಅದನ್ನು ತೆಗೆದು ಒಗೆದಿಟ್ಟ ಇನ್ನೊಂದನ್ನು ಹಾಕಬೇಕಾಗಿಯೂ ಬರಬಹುದು. ತೇವದ ಮಣ್ಣಿನಲ್ಲಿ ಒಬ್ಬನೇ ಓಡಿಸಿದರೆ ಎರಡು ಮೂರು ರೈಡ್ ಆದರೂ ಹೊರಪದರ ಅರ್ಧ ತುಂಬಿರುವುದಿಲ್ಲ. ಇಬ್ಬರಿಗೂ ಒಂದೇ ಗಂಟೆ ಹೇಳಿದರೆ ಒಬ್ಬನ ಇಂಜಿನ್ ಹೋಗುತ್ತದೆ, ಇನ್ನೊಬ್ಬ ಸುಮ್ನೆ ಒಗೆದು ಒಗೆದು ಫೋಮ್ ಹಾಳು ಮಾಡುತ್ತಾನೆ. ರೇಸ್ ಬೈಕಿನ ಮ್ಯಾನುಯಲ್‌ಗಳು ಪ್ರತಿ ಓಟದ ನಂತರ ಅನ್ನುತ್ತವೆ. ಒಣ ನೆಲಕ್ಕೆ, ಮರಳಿಗೆ ಅದು ಸರಿಯೇ. ಉಳಿದ ಕಡೆ ಪ್ರತಿ ರೈಡಿನ ನಂತರ ನೋಡಲೇಬೇಕು, ಒಗೆಯಲೇಬೇಕು ಅಂತಿಲ್ಲ. ಸೀಟು ಅಥವಾ ಪಕ್ಕದ ಪ್ಯಾನೆಲ್ ತೆಗೆದು, ಫಿಲ್ಟರ್ ಎತ್ತದೇ, ಮೇಲೆ ಕೆಳಗೆ ಬೆರಳೊತ್ತಿ ನೋಡಿ. ಎಲ್ಲ ಕಡೆ ಅಂಟುತ್ತಾ, ಬಣ್ಣ ಇನ್ನೂ ಕಾಣುತ್ತಾ, ಹಕ್ಕಳೆ ಕಟ್ಟಿಲ್ವಾ? ಹಾಗಿದ್ದರೆ ಬಿಡಿ. ಎಲ್ಲಾದರೂ ಒಣಗಿದ್ದರೆ, ಎಷ್ಟೇ ಚೊಕ್ಕವಾಗಿದ್ದರೂ, ಒಗೆದು ಎಣ್ಣೆ ಹಚ್ಚಬೇಕು. ನೀರಿಗೆ ಬಿದ್ದಿದ್ದರೆ, ಕೆಸರು ಏರ್‌ಬಾಕ್ಸಿಗೆ ಬಂದಿದ್ದರೆ, ಪ್ರೆಷರ್ ವಾಷರ್ ಆ ಕಡೆ ತಿರುಗಿಸಿದ್ದರೆ, ಬೆರಳಿನ ಪರೀಕ್ಷೆಯೂ ಬೇಡ, ಹೊರಗೆ ತೆಗೆಯಿರಿ.

ಬದಲಿಸೋದು ಬೇರೆ ಲೆಕ್ಕ, ಕೊಳೆಗೂ ಅದಕ್ಕೂ ಸಂಬಂಧ ಇಲ್ಲ. ಜಾಯಿಂಟ್ ಬಿಟ್ಟಿದ್ದು, ಫೋಮ್ ಹರಿದಿದ್ದು, ಹಿಂಡಿದರೆ ಮೇಲೇಳದೇ ಇದ್ದದ್ದು, ಕೇಜಿನ ಮೇಲೆ ಸಡಿಲವಾದದ್ದು, ಇವುಗಳಲ್ಲಿ ಒಂದಿದ್ದರೂ ಸಾಕು. ಇನ್ನೊಂದು ಗುರುತು ದೊಡ್ಡವನಿಗೆ ಆಮೇಲೆ ಸಿಕ್ಕಿತು. ಅವನು ಎಣ್ಣೆ ಹಚ್ಚಿದ, ಒಮ್ಮೆಯೂ ಬಳಸದ ಒಂದು ಫಿಲ್ಟರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬೇಕಾದಾಗ ಆಗುತ್ತೆ ಅಂತ ಇಟ್ಟು ಮರೆತಿದ್ದ. ಟ್ರ್ಯಾಕಿನಲ್ಲಿ ಮಧ್ಯಾಹ್ನ ಬದಲಿಸಲು ಹೀಗೆ ತಯಾರಿಟ್ಟುಕೊಳ್ಳೋದು ಒಳ್ಳೇ ಅಭ್ಯಾಸ, ಆದರೆ ಪಾಲಿಯುರೆಥೇನ್ ಬಳಸದೇ ಇಟ್ಟರೂ ವಯಸ್ಸಾಗುತ್ತದೆ, ತೇವ ಅದನ್ನು ಒಳಗೊಳಗೇ ಕೊರೆಯುತ್ತದೆ. ಕವರ್ ಬಿಚ್ಚಿ ಅಂಚಿನ ಹತ್ತಿರ ಉಜ್ಜಿದಾಗ ಹಸಿರು ಪುಡಿ ಬೆರಳಿಗೆ ಬಂತು. ಒಂದು ದಿನವೂ ಧೂಳು ಕಾಣದ ಫಿಲ್ಟರ್ ಅದು. ಹಾಕಿದ್ದರೆ ಆ ಪುಡಿಯೇ ಇಂಜಿನ್ನಿಗೆ ಹೋಗುತ್ತಿತ್ತು. ಈಗ ಅವನು ಹೀಗೆ ಎತ್ತಿಡುವ ಕವರಿನ ಮೇಲೆ ಎಣ್ಣೆ ಹಚ್ಚಿದ ತಾರೀಕು ಬರೆದಿಡುತ್ತಾನೆ, ಹಾಕುವ ಮೊದಲು ಹಿಂಡಿ, ಉಜ್ಜಿ, ಟಾರ್ಚಿಗೆ ಹಿಡಿದು ನೋಡುತ್ತಾನೆ.